ಸೈಪ್ರೆಸ್ಸಿನ ಬಿಸಿಲಿನಲ್ಲಿ ಬಿಟ್ಟ ಹಾಡು

ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ತೆಗೆಯುವ ಗಾಜಿನ ಮೇಲೆ ನನ್ನ ತೋರುಬೆರಳು ಮೂಡಲೇ ಇಲ್ಲ. ಅಧಿಕಾರಿ ಮತ್ತೆ ಮತ್ತೆ ಒತ್ತಿಸಿದ, ಒರೆಸಿಕೊಳ್ಳಲು ಕಾಗದ ಕೊಟ್ಟ. ಕೊನೆಗೆ ಏನು ಕೆಲಸ ಮಾಡುತ್ತೀ ಎಂದು ಕೇಳಿದಂತಿತ್ತು. "ಟೈಲರ್" ಎಂದೆ. ಅವನು ನನ್ನ ಬೆರಳ ತುದಿ ನೋಡಿ ತಲೆಯಾಡಿಸಿದ. ಯಾಕೆ ಬಂದೆ ಎಂದಾಗ "ಸಿಸ್ಟರ್" ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಉತ್ತರಗಳಲ್ಲಿ ಆ ಎರಡು ಮಾತೇ ಸಾಕಾದವು.

ಹೊರಗೆ ತಂಗಿ ಶೈಲಾ ನಿಂತಿದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನಾನು ಗದಗಿನಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಪುಸ್ತಕಕ್ಕಿಂತ ಹೊಲಿಗೆಯಂತ್ರದ ಪೆಡಲು ನನಗೆ ಹಿಡಿಸಿತ್ತು. ಶೈಲಾ ಓದಿದಳು, ಧಾರವಾಡದಲ್ಲಿ ಕಾಲೇಜಿನಲ್ಲಿ ಕಲಿಸಿದಳು, ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಬಂದಳು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ನಾಟಕ ಕಂಪನಿಗಳ ಹಾಡುಗಳು ಗ್ರಾಮೋಫೋನ್ ರಿಕಾರ್ಡಿಗೆ ಹೇಗೆ ಏರಿದವು, ಹಾಡಿದವರು ಯಾರು ಎಂಬುದು ಅವಳ ಸಂಶೋಧನೆ. ಅದಕ್ಕೊಂದು ಪದವಿ ಕೊಡುತ್ತಾರೆಂದು ಕೇಳಿದಾಗ ನಾನು ನಕ್ಕಿದ್ದೆ.

ಕಾರಿನ ಬಾಗಿಲು ತೆರೆದಾಗ ಒಲೆಯ ಮುಚ್ಚಳ ತೆಗೆದಂತಾಯಿತು. ಜುಲೈ ತಿಂಗಳು. "ಗದಗಿನ ಬಿಸಲ ಕಂಡಾಕಿಗೆ ಇದೇನು" ಎಂದೆ. "ನೋಡ್ತಿರು, ಇಲ್ಲಿ ಬಿಸಲಿಗೆ ನೆರಳ ಇಲ್ಲ" ಎಂದಳು ಶೈಲಾ. ಅದು ನಿಜವಾಗಿತ್ತು. ರಸ್ತೆಗಳು ನಮ್ಮೂರ ಕೆರೆಯಷ್ಟು ಅಗಲ, ಅವುಗಳ ಪಕ್ಕದಲ್ಲಿ ಒಂದೂ ದೊಡ್ಡ ಮರ ಇರಲಿಲ್ಲ.

ನನ್ನನ್ನು ಅವಳು ಕರೆಸಿಕೊಂಡದ್ದು ಊರು ತೋರಿಸಲು ಮಾತ್ರವಲ್ಲ. ನಮ್ಮ ತಾಯಿಯ ತಾಯಿ ಹರೆಯದಲ್ಲಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಳು. ಗದಗಿನ ಅರಳೆ ಅಂಗಡಿಯ ಗುಮಾಸ್ತನನ್ನು ಮದುವೆಯಾದ ಮೇಲೆ ಹೆಸರು ಬದಲಾಯಿತು, ಹಾಡು ನಿಂತಿತು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ನಾನು ಹದಿನೈದು ವರ್ಷದವಳಾಗುವವರೆಗೆ ಅಜ್ಜಿಯ ಮಗ್ಗುಲಲ್ಲಿ ಮಲಗಿದವಳು. ಒಮ್ಮೆ ಅವಳು ನನಗೊಬ್ಬಳಿಗೇ ಹೇಳಿದ್ದಳು: ರೈಲಿನಲ್ಲಿ ಮುಂಬಯಿಗೆ ಕರೆದೊಯ್ದರು, ಒಂದು ದೊಡ್ಡ ಕಹಳೆಯ ಬಾಯಿಗೆ ಹಾಡು ಅಂದರು, ಹಾಡು ಮುಗಿದೊಡನೆ ಒಬ್ಬ ಬೆನ್ನು ತಟ್ಟಿದ, ನಾನು ಜೋರಾಗಿ ನನ್ನ ಹೆಸರು ಹೇಳಿದೆ. ಆಗಿನ ಆ ಹೆಸರನ್ನೂ ನನ್ನ ಕಿವಿಯಲ್ಲಿ ಉಸುರಿದ್ದಳು. ಆ ಕಾಲದ ಕೆಲವು ರಿಕಾರ್ಡುಗಳಲ್ಲಿ ಹಾಡಿದವರು ಕೊನೆಗೆ ಹೀಗೆ ಹೆಸರು ಹೇಳುವ ಪದ್ಧತಿ ಇತ್ತಂತೆ.

ಎಷ್ಟೋ ವರ್ಷಗಳ ಮೇಲೆ ಇದನ್ನು ಶೈಲಾಗೆ ಫೋನಿನಲ್ಲಿ ಹೇಳಿದ್ದೆ. ಅಜ್ಜಿ ಒಲೆ ಮುಂದೆ ಗುನುಗುತ್ತಿದ್ದ ಹಾಡಿನ ಮೊದಲ ಸಾಲನ್ನೂ ಹೇಳಿದ್ದೆ. ಆ ಸಾಲಿನ ಬೆನ್ನು ಹತ್ತಿ ಹುಡುಕಿ ಹುಡುಕಿ ಅವಳು ಒಂದು ರಿಕಾರ್ಡು ಪತ್ತೆ ಮಾಡಿದಳು. ಅದು ಇದ್ದದ್ದು ಗದಗಿನಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ, ಡಲ್ಲಾಸಿನ ಬದಿಯ ಫ್ಲವರ್ ಮೌಂಡಿನಲ್ಲಿ ಮನೆ ಮಾಡಿದ್ದ ಹುಬ್ಬಳ್ಳಿಯವರೊಬ್ಬರ ಬಳಿ. ರಿಕಾರ್ಡಿನ ನಡುವೆ ಅಂಟಿಸಿದ ಚೀಟಿಯ ಮೇಲೆ ನಾಟಕ ಕಂಪನಿಯ ಹೆಸರು, ಹಾಡಿನ ಸಾಲು ಇದ್ದವು. ಹಾಡಿದವಳ ಹೆಸರಿರಲಿಲ್ಲ.

"ಆ ಕಂಪನ್ಯಾಗ ಹಾಡೂ ಹುಡುಗ್ಯಾರು ಮೂರ ನಾಕ ಮಂದಿ ಇದ್ರು" ಎಂದು ಶೈಲಾ ಕಾರು ನಡೆಸುತ್ತ ಹೇಳಿದಳು. "ಕೊನೀಗೆ ಹೆಸರ ಹೇಳಿದ್ರ ಮುಗೀತು. ಹೆಸರ ಇಲ್ಲಾ ಅಂದ್ರ ದನಿ ಬಲ್ಲವರು ಹೇಳಬೇಕು. ಅಜ್ಜಿ ತೀರಕೊಂಡಾಗ ನಾ ಭಾಳ ಸಣ್ಣಾಕಿ. ಈಗ ಅವ್ವನೂ ಇಲ್ಲ, ಆ ದನಿ ಬಲ್ಲಾಕಿ ನೀ ಒಬ್ಬಾಕಿನ."

ಫ್ಲವರ್ ಮೌಂಡಿನ ಮನೆಯವರು ವಸಂತ ಅಂಕಲ್ ಮತ್ತು ಸುಧಾ ಆಂಟಿ. ವಸಂತ ಅಂಕಲ್ ಅವರ ತಂದೆಗೆ ಹುಬ್ಬಳ್ಳಿಯಲ್ಲಿ ಗ್ರಾಮೋಫೋನ್ ಅಂಗಡಿ ಇತ್ತು. ನಮಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದರು. ರೊಟ್ಟಿಯ ಹಿಟ್ಟು ಹ್ಯೂಸ್ಟನ್ನಿನಿಂದ ತರಿಸುತ್ತಾರಂತೆ.

"ಅಂಗಡಿ ಮುಚ್ಚಿದಾಗ ಮಷೀನ್ ಎಲ್ಲಾ ಮಾರಿದ್ವಿ. ಈ ಹಾಡಿನ ಪ್ಲೇಟ್ ಯಾರೂ ಕೇಳಲಿಲ್ಲ. ನಾ ಹೊತ್ತಗೊಂಡ ಬಂದೆ" ಎಂದರು ಅಂಕಲ್.

"ಬಂಗಾರ ತರ್ರಿ ಅಂದ್ರ ಇವನ್ನ ತಂದ್ರು ನೋಡ್ರಿ" ಎಂದರು ಆಂಟಿ. "ಕಸ್ಟಮ್ಸ್‌ನವರು ಬಿಚ್ಚಿ ನೋಡಿ, ಪಾಪ ಅಂತ ಹಂಗ ಬಿಟ್ಟಾರ."

ಅವರ ಮೊಮ್ಮಗಳು ಬಂದು, "ಅಜ್ಜಾ, ಡೂ ದೇ ಈವನ್ ವರ್ಕ್?" ಎಂದಳು. "ನಿನ್ನ ಫೋನಿಗಿಂತ ಹೆಚ್ಚು ದಿನಾ ಬಾಳ್ಯಾವ ಅವು" ಎಂದು ಅಂಕಲ್ ಕನ್ನಡದಲ್ಲೇ ಗದರಿದರು. ಅವಳಿಗೆ ತಿಳಿಯಿತು, ನಕ್ಕಳು.

ರಿಕಾರ್ಡುಗಳು ಮನೆಯಲ್ಲಿರಲಿಲ್ಲ. ಹಗಲೂ ರಾತ್ರಿ ತಂಪು ಇರುತ್ತದೆ ಎಂದು ಅಂಕಲ್ ಅವನ್ನು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ತಮ್ಮ ಆಫೀಸಿನಲ್ಲಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದೆವು. ಹೆದ್ದಾರಿಯ ಪಕ್ಕದಲ್ಲಿ ಒಂದೇ ಥರದ ಗಾಜಿನ ಕಟ್ಟಡಗಳ ಸಾಲು. ಕಪಾಟಿನಲ್ಲಿ ರಿಕಾರ್ಡುಗಳು ಪುಸ್ತಕಗಳಂತೆ ನಿಂತಿದ್ದವು. ಅಂಕಲ್ ಒಂದನ್ನು ಎರಡೂ ಅಂಗೈಗಳ ನಡುವೆ ಹಿಡಿದು ತೆಗೆದು, ಬಟ್ಟೆ ಸುತ್ತಿ, ರಟ್ಟಿನ ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಅಷ್ಟು ಭಾರ ಇರುತ್ತದೆಂದು ಅಂದುಕೊಂಡಿರಲಿಲ್ಲ.

"ಇದು ಪ್ಲಾಸ್ಟಿಕ್ ಅಲ್ರೀ, ಅರಗು. ಬಳೀಗೆ ಹಾಕತಾರಲ್ಲ, ಅದ. ಬಿದ್ರ ಗಾಜಿನಂಗ ಒಡೀತದ, ಕಾಸಿದ್ರ ಮೆತ್ತಗಾಗ್ತದ. ಕಾರಿನ್ಯಾಗ ಮಾತ್ರ ಬಿಟ್ಟ ಹೋಗಬ್ಯಾಡ್ರಿ" ಎಂದರು.

ಈಗಲೇ ಕೇಳಬಹುದಲ್ಲ ಎಂದು ನಾನು ಕೇಳಿದೆ. ಶೈಲಾ ಒಪ್ಪಲಿಲ್ಲ. ಪ್ರತಿ ಸಲ ಮುಳ್ಳು ತಾಗಿದಾಗ ರಿಕಾರ್ಡು ಒಂದಿಷ್ಟು ಸವೆಯುತ್ತದೆ. ಅದನ್ನು ಒಂದೇ ಸಲ, ಆಸ್ಟಿನ್ನಿನ ಪ್ರಯೋಗಾಲಯದಲ್ಲಿ, ಹಗುರ ಮುಳ್ಳಿನಿಂದ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದರ ಇನ್ನೊಂದು ಪ್ರತಿ ಎಲ್ಲಿಯೂ ಅವಳಿಗೆ ಸಿಕ್ಕಿರಲಿಲ್ಲ.

ಡಲ್ಲಾಸಿನಿಂದ ಆಸ್ಟಿನ್ನಿಗೆ ನೇರ ಹೋದರೆ ಮಧ್ಯಾಹ್ನದೊಳಗೆ ಸೇರಬಹುದಿತ್ತು. ಶೈಲಾಗೆ ಅದೇ ಬೇಕಿತ್ತು. ನಾನು ಹ್ಯೂಸ್ಟನ್ನಿಗೆ ಹೋಗಲೇಬೇಕೆಂದೆ. ಅಲ್ಲಿ ಸೈಪ್ರೆಸ್ ಎಂಬಲ್ಲಿ ನನ್ನ ಗಂಡನ ಸೋದರತ್ತೆಯ ಮಗಳು ಸುಜಾತಾ ಹೊಸ ಮನೆ ಕಟ್ಟಿಸಿದ್ದಳು, ಮರುದಿನ ಗೃಹಪ್ರವೇಶ. ಅದಕ್ಕೆಂದೇ ವಿಜಯಪುರದಿಂದ ಅವಳ ತಾಯಿ ಸಾವಿತ್ರಿ ಅತ್ತೆ ಬಂದಿದ್ದರು. ನನ್ನ ಮಗಳು ರೂಪಾಗೆ ಸಂಬಂಧ ನೋಡಿದ್ದವರು ಅವರೇ, ಮಾತುಕತೆ ನಡೆದಿತ್ತು.

"ಪ್ಲೇಟ್ ಮುಟ್ಟಿಸಿ ಆಮ್ಯಾಲೆ ಹೋಗೂಣಲ್ಲ ಅಕ್ಕಾ" ಎಂದಳು ಶೈಲಾ.

"ಆಮ್ಯಾಲೆ ಗೃಹಪ್ರವೇಶ ಇರತದೇನು? ಇಲ್ಲೀತನಾ ಬಂದು ಹೋಗಲಿಲ್ಲಾ ಅಂದ್ರ ನಾ ಊರಾಗ ಮಾರಿ ತೋರಸೂದು ಹ್ಯಾಂಗ?"

ಅವಳು ಕಾರು ಹ್ಯೂಸ್ಟನ್ನಿನ ಕಡೆ ತಿರುಗಿಸಿದಳು. ಅವಳಿಗೆ ನನ್ನ ಮಾತು ಮೀರಿ ರೂಢಿಯಿಲ್ಲ.

ಹ್ಯೂಸ್ಟನ್ನಿಗೆ ಇನ್ನೂರ ನಲವತ್ತು ಮೈಲಿ. ಒಣಹುಲ್ಲಿನ ಬಯಲು, ಅಲ್ಲಲ್ಲಿ ದನ, ಆಮೇಲೆ ಪೈನ್ ಮರಗಳು. ನಡುವೆ ನಮ್ಮೂರ ಬಸ್ ಸ್ಟ್ಯಾಂಡಿಗಿಂತ ದೊಡ್ಡದಾದ ಪೆಟ್ರೋಲ್ ಬಂಕಿನಲ್ಲಿ ನಿಂತೆವು. ಪೆಟ್ಟಿಗೆಗಾಗಿ ಕಾರಿನ ಎಸಿ ನಿಲ್ಲಿಸದೆ ಒಳಗೇ ಕುಳಿತು ಆಂಟಿ ಕಟ್ಟಿಕೊಟ್ಟ ರೊಟ್ಟಿ ತಿಂದೆವು. ಶೈಲಾ ಶೌಚಕ್ಕೆ ಹೋದಾಗ ನಾನು ಕಾದೆ, ನಾನು ಹೋದಾಗ ಅವಳು ಕಾದಳು. "ಕೂಸಿನಂಗ ಆತಲ್ಲ ಇದು" ಎಂದೆ. "ಅಜ್ಜಿ ಈಗ ನಿನ್ನ ತೊಡೀ ಮ್ಯಾಲೆ ಕುಂತಾಳ ನೋಡು" ಎಂದಳು. ಆ ರಾತ್ರಿ ದಾರಿಯ ಲಾಡ್ಜಿನಲ್ಲಿ ತಂಗಿದೆವು. ಪೆಟ್ಟಿಗೆ ನಮ್ಮಿಬ್ಬರ ಮಂಚಗಳ ನಡುವೆ ಇತ್ತು.

ಮರುದಿನ ಬೆಳಿಗ್ಗೆ ಸೈಪ್ರೆಸ್ಸಿಗೆ ಬಂದೆವು. ಒಂದೇ ಬಣ್ಣದ ಇಟ್ಟಿಗೆಯ ಮನೆಗಳು, ಒಂದೇ ಎತ್ತರದ ಸಣ್ಣ ಗಿಡಗಳು. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಂಡದ್ದರಿಂದ ಮನೆ ಗುರುತಾಯಿತು. ಮನೆಮುಂದೆಲ್ಲ ಕಾರುಗಳಿದ್ದವು, ಬೀದಿಯ ತುದಿಯಲ್ಲಿ ಬಿಸಿಲಲ್ಲೇ ನಿಲ್ಲಿಸಬೇಕಾಯಿತು. ಶೈಲಾ ಹಣ್ಣಿನ ಬುಟ್ಟಿ ಎತ್ತಿಕೊಂಡು ಕೀಲಿ ನನ್ನ ಕೈಗಿಟ್ಟಳು. "ನೀ ಪೆಟ್ಟಿಗಿ ತಗೊಂಡ ಬಾ ಅಕ್ಕಾ, ಕೀಲಿ ಹಾಕೂದ ಮರೀಬ್ಯಾಡ" ಎಂದು ಮುಂದೆ ನಡೆದಳು.

ನಾನು ಪೆಟ್ಟಿಗೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ್ದೆ. ಬಾಗಿಲಲ್ಲಿ ಸಾವಿತ್ರಿ ಅತ್ತೆ ನಿಂತಿದ್ದರು. ಅತ್ತೆ ಯಾರ ಕೈಯಲ್ಲಿ ಏನು ಕಂಡರೂ ಬಿಚ್ಚಿಸಿ ನೋಡುವವರು. ಇದೇನು ಎಂದು ಕೇಳುತ್ತಾರೆ, ಶೈಲಾ ಸಂಭ್ರಮದಿಂದ ಎಲ್ಲ ಹೇಳಿಬಿಡುತ್ತಾಳೆ. ನನ್ನ ಮದುವೆಯ ಹೊತ್ತಿಗೆ ಅಜ್ಜಿ ಕಂಪನಿಯವಳೆಂಬುದನ್ನು ಗಂಡನ ಮನೆಗೆ ಹೇಳಿರಲಿಲ್ಲ. ಈಗ ರೂಪಾಳ ಮಾತುಕತೆ ಅತ್ತೆಯ ಕೈಯಲ್ಲಿತ್ತು. ನಾನು ತಿರುಗಿ ಹೋಗಿ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟೆ. ಬಿಸಿಲು ಬೀಳದಿರಲೆಂದು ಶಾಲು ಹೊದಿಸಿದೆ. ವಸಂತ ಅಂಕಲ್ ಹೇಳಿದ್ದು ಮರೆತಿರಲಿಲ್ಲ. ನೆನಪಿದ್ದೇ ಕೀಲಿ ಹಾಕಿದೆ. ಅರ್ಧ ಗಂಟೆಯಲ್ಲಿ ಏನೋ ನೆಪ ಮಾಡಿ ಬಂದು ನೋಡಿದರಾಯಿತು ಎಂದುಕೊಂಡೆ.

ಪೂಜೆ ಉದ್ದವಾಯಿತು. ನನ್ನನ್ನು ಹೋಳಿಗೆ ಲಟ್ಟಿಸಲು ಕೂರಿಸಿದರು. ಶೈಲಾ ಅಡಿಗೆಮನೆಗೆ ಬಂದು ಮೆಲ್ಲಗೆ, "ಪೆಟ್ಟಿಗಿ ಎಲ್ಲೈತಿ?" ಎಂದು ಕೇಳಿದಳು.

"ಒಳಗಿನ ಖೋಲ್ಯಾಗ ಇಟ್ಟೀನಿ."

"ತಂಪದ ಏನು ಅಲ್ಲೆ?"

"ಹ್ಞೂಂ" ಎಂದೆ. ಅವಳು ನೆಮ್ಮದಿಯಿಂದ ಹೋಗಿ ರಂಗೋಲಿಯ ಹತ್ತಿರ ಕುಳಿತಳು.

ಊಟಕ್ಕೆ ಕೂತಾಗ ಯಾರೋ ಶೈಲಾಳ ಓದಿನ ಬಗ್ಗೆ ಕೇಳಿದರು. ಅವಳು ಹಳೇ ನಾಟಕದ ಹಾಡುಗಳು ಎಂದಷ್ಟೇ ಹೇಳಿದಳು. ಸಾವಿತ್ರಿ ಅತ್ತೆ ಕಟ್ಟಿನ ಸಾರಿನ ಬಟ್ಟಲು ಕೆಳಗಿಟ್ಟು ಅರಳಿದರು.

"ಕಂಪನಿ ಹಾಡಂದ್ರ ನಾ ಊಟಾ ಬಿಡತಿದ್ದೆ. ನಮ್ಮಪ್ಪಗ ಗೊತ್ತಾಗದಂಗ ಅಣ್ಣನ ಜೋಡಿ ಹೋಗಿ ನೋಡೀನಿ. ಏನ ದನಿ ಅವರ್ವು! ಮೈಕ್ ಇಲ್ಲ, ಏನಿಲ್ಲ, ಕಟ್ಟಕಡೀ ಸಾಲಿಗೆ ಮುಟ್ಟತಿತ್ತು."

ಒಂದು ಕ್ಷಣ ನನಗೆ ಎದ್ದು ಓಡಿ ಪೆಟ್ಟಿಗೆ ತರಬೇಕೆನಿಸಿತು. ಅಷ್ಟರಲ್ಲಿ ಅತ್ತೆ ಮಾತು ಮುಗಿಸಿದರು. "ಹಾಡು ಛಲೋನ. ಆದ್ರ ಆ ಹೆಂಗಸರ ಮನ್ಯಾಗ ನಾವು ನೀರ ಮುಟ್ಟತಿದ್ದಿಲ್ಲ. ಅವರ ಮಕ್ಕಳನ್ನ ಯಾರು ತಗೋತಿದ್ರು?"

ಶೈಲಾ ನನ್ನ ಮುಖ ನೋಡಿದಳು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಊಟದ ಮೇಲೆ ಎಲ್ಲರೂ ಫೋಟೋಕ್ಕೆ ನಿಂತಾಗ ಹೊರಗೆ ಹೋದೆ. ಕಾರಿನ ಹಿಡಿಕೆ ಕೈ ಸುಟ್ಟಿತು. ಒಳಗಿನ ಗಾಳಿ ಇಸ್ತ್ರಿಪೆಟ್ಟಿಗೆಯ ಬಾಯಿಗೆ ಮುಖ ಕೊಟ್ಟಂತಿತ್ತು. ಪೆಟ್ಟಿಗೆ ತೆರೆದು ಬಟ್ಟೆ ಬಿಚ್ಚಿದೆ. ಚಪ್ಪಟೆಯಾಗಿದ್ದ ರಿಕಾರ್ಡಿನ ಅಂಚು ಸುತ್ತ ಕೆಳಗೆ ಬಾಗಿ ನಡುಭಾಗ ಉಬ್ಬಿಕೊಂಡಿತ್ತು. ಕಾದ ಹಂಚಿನ ಮೇಲೆ ಹಾಕಿದ ಹಪ್ಪಳದಂತೆ.

ಅಲ್ಲಿಗೇ ನಿಲ್ಲಿಸಿ ಶೈಲಾಳನ್ನು ಕರೆದಿದ್ದರೆ ಹಾಡು ಉಳಿಯುತ್ತಿತ್ತು. ಬಾಗಿದ ರಿಕಾರ್ಡನ್ನು ಗಾಜುಗಳ ನಡುವೆ ಇಟ್ಟು ನಿಧಾನವಾಗಿ ಸರಿಪಡಿಸಬಹುದಂತೆ, ಆಮೇಲೆ ತಿಳಿಯಿತು. ಆದರೆ ನನ್ನ ತಲೆ ಟೈಲರಿನ ತಲೆ. ಕಾವಿಗೆ ಮುದುಡಿದ ಬಟ್ಟೆ ಕಾವಿಗೇ ಸರಿಯಾಗುತ್ತದೆ. ಸೊಟ್ಟ ಬಂದ ಕಾಲರು, ಉಬ್ಬಿದ ಎದೆಪಟ್ಟಿ ಎಲ್ಲವನ್ನೂ ಹಸಿಬಟ್ಟೆ ಹಾಸಿ ಇಸ್ತ್ರಿ ಒತ್ತಿಯೇ ನಾನು ಕೂರಿಸಿದ್ದು. ಗಿರಾಕಿಗೆ ಗೊತ್ತಾಗುವ ಮೊದಲು ತಪ್ಪು ತಿದ್ದುವುದೇ ನಮ್ಮ ಕಸುಬಿನ ಅರ್ಧ. ಪೆಟ್ಟಿಗೆಯನ್ನು ಸೆರಗಿನಡಿ ಮುಚ್ಚಿಕೊಂಡು ಹಿಂಬಾಗಿಲಿನಿಂದ ಬಟ್ಟೆ ಒಗೆಯುವ ಕೋಣೆಗೆ ಹೋದೆ. ಇಸ್ತ್ರಿಯ ಹಲಗೆ ಅಲ್ಲೇ ಇತ್ತು.

ಕರವಸ್ತ್ರ ತೋಯಿಸಿ ಹಿಂಡಿ ಹಾಸಿದೆ. ಕಾವು ಕಡಿಮೆ ಇಟ್ಟೆ. ಉಬ್ಬಿದ ನಡುಭಾಗದ ಮೇಲೆ ಇಸ್ತ್ರಿ ಇಟ್ಟು, ಅಂಗೈಯ ಭಾರ ಹಾಕಿ, ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ಒತ್ತಿದೆ. ಅಂಚೆ ಪಾರ್ಸಲಿಗೆ ಅರಗಿನ ಮುದ್ರೆ ಒತ್ತುವಾಗ ಬರುವ ವಾಸನೆ ಬಂತು. ಅದು ನಿಜವಾಗಿ ಬಗ್ಗಿತು, ಮುಕ್ಕಾಲು ಪಾಲು ಚಪ್ಪಟೆಯಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕೆ. ಕರವಸ್ತ್ರ ಎತ್ತಿದಾಗ ಹೊಳೆಯುತ್ತಿದ್ದ ಕಪ್ಪು ಮೈ ಒಳಸುತ್ತಿನಲ್ಲಿ ಮಂಕಾಗಿತ್ತು. ಕೂದಲೆಳೆಯಂಥ ಗೆರೆಗಳಿದ್ದ ಜಾಗದಲ್ಲಿ ಕರವಸ್ತ್ರದ ನೇಯ್ಗೆ ಮೂಡಿತ್ತು.

ಸಂಜೆ ಶೈಲಾ ಕಾರು ಹೊರಡಿಸಿದಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಸೈಪ್ರೆಸ್ಸಿನ ಪಕ್ಕದ ಹೆದ್ದಾರಿಯೇ ಆಸ್ಟಿನ್ನಿಗೆ ಹೋಗುತ್ತದೆ, ಸುಮಾರು ಒಂದೂವರೆ ನೂರು ಮೈಲಿ. ಎದುರಿಗೆ ಸೂರ್ಯ ಇಳಿಯುತ್ತಿದ್ದ. ಅವಳು ಅತ್ತೆಯ ಮಾತಿಗೆ ಬೇಸರಪಟ್ಟುಕೊಂಡು, "ಬಿಡು ಅಕ್ಕಾ, ಅವರಿಗೇನ ಗೊತ್ತು. ನಾಳಿಗೆ ಅಜ್ಜಿ ತನ್ನ ಹೆಸರ ತಾನ ಹೇಳತಾಳ" ಎಂದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಪ್ರಯೋಗಾಲಯ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿತ್ತು, ಸ್ವೆಟರ್ ಹಾಕಿಕೊಳ್ಳುವಷ್ಟು ತಂಪು. ಅಲ್ಲಿನ ಹೆಣ್ಣುಮಗಳು ದೀಪದ ಕೆಳಗೆ ಬಟ್ಟೆ ಬಿಚ್ಚಿ ಶೈಲಾಳನ್ನು ನೋಡಿದಳು. ಶೈಲಾ ಬಗ್ಗಿದಳು.

"ಏನಾತು ಅಕ್ಕಾ ಇದು?"

"ಕಿಟಕಿ ಹಂತೇಲಿ ಇಟ್ಟಿದ್ದೆ. ಬಿಸಲ ಬಿದ್ದಿರಬೇಕು" ಎಂದೆ.

ನೇಯ್ಗೆಯ ಗುರುತು ಅವಳು ನೋಡಿದಳು. ಸುತ್ತಿದ ಬಟ್ಟೆಯದೇ ಇರಬೇಕು ಎಂದುಕೊಂಡಳೋ ಏನೋ. "ನಂದ ತಪ್ಪು. ನಾನ ಒಳಗ ಹೋಗಿ ನೋಡಬೇಕಾಗಿತ್ತು" ಎಂದಳು. ನಾನು ಬಿಚ್ಚಿದ ಬಟ್ಟೆಯನ್ನು ಮಡಿಚತೊಡಗಿದೆ.

ಆದರೂ ನುಡಿಸಿದರು. ಅಂಚಿನ ಸುತ್ತುಗಳಿಗೆ ಇಸ್ತ್ರಿ ಅಷ್ಟು ತಾಗಿರಲಿಲ್ಲ. ಮುಳ್ಳು ಏರಿಳಿಯುತ್ತ ಸಾಗಿತು. ಮೊದಲು ಮಳೆ ಸುರಿದಂಥ ಸದ್ದು, ಆಮೇಲೆ ಹಾರ್ಮೋನಿಯಂ, ಆಮೇಲೆ ದನಿ. ಹದಿನೆಂಟರ ಹುಡುಗಿಯ ದನಿ. ನಾನು ಅಜ್ಜಿಯನ್ನು ಮುದುಕಿಯಾಗಿಯೇ ಕಂಡವಳು, ಆದರೂ ಮೊದಲ ಸಾಲಿನಲ್ಲೇ ಗುರುತು ಹತ್ತಿತು. ಸಾಲಿನ ಕೊನೆಯಲ್ಲಿ ಉಸಿರು ಸಾಲದಂತೆ ನಿಂತು, ಮತ್ತೆ ಮೂಗಿನಿಂದ ಸಣ್ಣಗೆ ಎತ್ತಿಕೊಳ್ಳುವುದು. ಒಲೆ ಊದುತ್ತ ಗುನುಗುವಾಗ ಅವಳು ಹಾಗೇ ಮಾಡುತ್ತಿದ್ದಳು. ಉಬ್ಬಸವೆಂದು ನಾವು ತಿಳಿದಿದ್ದೆವು. ಅದು ಹಾಡುವ ರೀತಿಯಾಗಿತ್ತು.

ಎರಡನೆಯ ಚರಣಕ್ಕೆ ದನಿ ಮುಳುಗಿತು. ಮುಳ್ಳು ಒಳಸುತ್ತಿಗೆ ಬಂದಾಗ ಜಾರಿತು, ಕರಕರ ಎಂದಿತು. ಅವಳು ಜೋರಾಗಿ ಹೆಸರು ಹೇಳಿದ್ದ ಜಾಗದಲ್ಲಿ ಬಟ್ಟೆ ಹರಿದಂತೆ ಒಂದು ಸದ್ದಾಯಿತು. ಆ ಹೆಣ್ಣುಮಗಳು ಯಂತ್ರ ನಿಲ್ಲಿಸಿದಳು.

ಶೈಲಾ ನನ್ನ ಹತ್ತಿರ ಬಂದು ಬೆನ್ನ ಮೇಲೆ ಕೈ ಇಟ್ಟಳು.

"ಹೆಸರ ಹೋತು. ಆದ್ರ ನೀ ಕೇಳಿದೆಲ್ಲ. ಅಜ್ಜೀದನ ಹೌದಲ್ಲ ಅಕ್ಕಾ? ನೀ ಹೌದಂದ್ರ ಸಾಕು, ದನಿ ಗುರ್ತಿಸಿದಾಕಿ ಅಂತ ನಿನ್ನ ಹೆಸರ ಹಾಕಿ ಬರೀತೀನಿ."

ನನ್ನ ಹೆಸರು ಹಾಕಿ. ಅದು ಅಚ್ಚಾಗುತ್ತದೆ, ಊರಿಗೆ ಬರುತ್ತದೆ, ಯಾರಾದರೂ ವಿಜಯಪುರಕ್ಕೆ ಮುಟ್ಟಿಸುತ್ತಾರೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಅವಳ ಕೈ ಬೆನ್ನ ಮೇಲೆಯೇ ಇತ್ತು.

"ಹೇಳಾಕ ಬರೂದಿಲ್ಲವ್ವಾ" ಎಂದೆ. "ಯಾರದೋ ಏನೋ."

ಆಸ್ಟಿನ್ನಿನಲ್ಲಿ ಇನ್ನೂ ಕೆಲ ದಿನ ಇದ್ದೆ. ನದಿಯ ಸೇತುವೆಯಡಿಯಿಂದ ಬಾವಲಿಗಳು ಹಾರುವುದನ್ನು ಅವಳು ತೋರಿಸಿದಳು. ಅವಳ ಸಲ್ವಾರುಗಳನ್ನು ಬಿಚ್ಚಿ ಹೊಲಿದುಕೊಟ್ಟೆ. ಆ ರಿಕಾರ್ಡಿನ ಮಾತು ಅವಳು ಮತ್ತೆ ಎತ್ತಲಿಲ್ಲ, ವಸಂತ ಅಂಕಲ್‌ಗೆ ಫೋನ್ ಮಾಡಿ ತಪ್ಪು ತನ್ನದೆಂದು ಹೇಳುವುದು ಮಾತ್ರ ಪಕ್ಕದ ಕೋಣೆಯಿಂದ ಕೇಳಿಸಿತು. ಮರಳುವ ದಿನ ಡಲ್ಲಾಸ್ ನಿಲ್ದಾಣದಲ್ಲಿ ತಪಾಸಣೆಯ ಸಾಲು ತಿರುಗುವಲ್ಲಿ ಹಿಂದೆ ನೋಡಿದೆ. ಅವಳು ಕೈ ಎತ್ತಿ, ಪರ್ಸು ಸರಿಯಾಗಿ ಹಿಡಿದುಕೋ ಎಂದು ಸನ್ನೆ ಮಾಡುತ್ತಿದ್ದಳು.

ರೂಪಾಳ ಮದುವೆ ಆಯಿತು. ಆಕೆಯ ಮುತ್ತಜ್ಜಿ ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಶೈಲಾ ತನ್ನ ಪ್ರಬಂಧ ಮುಗಿಸಿದಳು. ಆ ಹಾಡಿನ ಮುಂದೆ, ಹಾಡಿದವರು ತಿಳಿದಿಲ್ಲ ಎಂದು ಬರೆದಿದ್ದಾಳೆ. ಆ ಸಾಲನ್ನು ಅವಳೇ ನನಗೆ ಕನ್ನಡದಲ್ಲಿ ಓದಿ ಹೇಳಿದಳು.

ಶೈಲಾ, ಕಿಟಕಿಯ ಬಿಸಿಲಲ್ಲ, ಕಾರು. ಆಮೇಲೆ ನನ್ನ ಇಸ್ತ್ರಿ. ದನಿ ನನಗೆ ಮೊದಲ ಸಾಲಿಗೇ ಗೊತ್ತಾಗಿತ್ತು. ಅಜ್ಜಿ ಕೊನೆಗೆ ಹೇಳಿದ, ಮದುವೆಗೆ ಮುಂಚಿನ ಅವಳ ಹೆಸರು ತುಳಸಾಬಾಯಿ.